ಹಳೆಯ ಕಂಪ್ಯೂಟರಿನ ಜೀರ್ಣೋದ್ಧಾರ

ಹಳೆಯ ವಸ್ತುಗಳ ವಿಷಯದಲ್ಲಿ ಲೋಕದಲ್ಲಿ ಎರಡು ಪಂಥಗಳುಂಟು. ಸ್ವಲ್ಪ ತೊಂದರೆ ಕೊಟ್ಟೊಡನೆಯೇ ಹಳೆಯದನ್ನು ಬೀದಿಗೆ ಹಾಕಿ ಹೊಸದನ್ನು ತರತಕ್ಕದ್ದೆಂಬುದು ಒಂದು. ಕೊಡೆಯ ಕಡ್ಡಿಗಳೆಲ್ಲ ಮುರಿದಿದ್ದರೂ ಹಿಡಿ ಗಟ್ಟಿಯಾಗಿದೆಯೆಂದು ಅದನ್ನು ಅಟ್ಟದ ಮೇಲೆ ಕಾಪಾಡತಕ್ಕದ್ದೆಂಬುದು ಇನ್ನೊಂದು. ನಮ್ಮ ಹಿರಿಯರು ಇವೆರಡರ ನಡುವೆ ಮೂರನೆಯ ದಾರಿಯೊಂದನ್ನು ಕಂಡುಕೊಂಡಿದ್ದರು. ಅದಕ್ಕೆ ಜೀರ್ಣೋದ್ಧಾರವೆಂದು ಹೆಸರು. ದೇವಾಲಯವು ಶಿಥಿಲವಾದರೆ ಅದನ್ನು ಕೆಡವಿಬಿಡುವುದಿಲ್ಲ. ಹಾಗೆಯೇ ಬೀಳಲೂ ಬಿಡುವುದಿಲ್ಲ. ತಳಪಾಯವನ್ನೂ ಕಂಬಗಳನ್ನೂ ಪರೀಕ್ಷಿಸಿ, ಗಟ್ಟಿಯಾದುದನ್ನು ಉಳಿಸಿಕೊಂಡು, ಕೆಟ್ಟ ಕಲ್ಲನ್ನು ಮಾತ್ರ ತೆಗೆದು ಅದರ ಜಾಗದಲ್ಲಿ ಸರಿಯಾದುದನ್ನು ಕೂರಿಸುತ್ತಾರೆ. ಇಷ್ಟು ಘನವಾದ ಶಬ್ದವನ್ನು ಕಂಪ್ಯೂಟರಿಗೆ, ಅದರಲ್ಲಿಯೂ ಹುಡುಗರು ಆಟವಾಡುವ ಕಂಪ್ಯೂಟರಿಗೆ, ನಾನು ಬಳಸುತ್ತಿರುವುದನ್ನು ಕಂಡು ವಾಚಕರು ನಗಬಹುದು. ನಗಲಿ. ಕೆಲಸದ ಕ್ರಮ ಎರಡಕ್ಕೂ ಒಂದೇ ಎಂಬುದು ನನ್ನ ಅನುಭವ.

ಈ ಉಪಾಧ್ಯಾಯನಿಗೆ ಆಟದ ಯಂತ್ರದ ಗೊಡವೆ ಏಕೆ ಬಂದಿತೆಂಬುದನ್ನು ಮೊದಲು ಹೇಳಬೇಕು. 2024ನೆಯ ಇಸವಿಯ ಆರಂಭದಲ್ಲಿ ನನ್ನ ಅಳಿಯಂದಿರ ವ್ಯಾಪಾರವು ನಿಂತುಹೋಯಿತು. ಅವರೂ ನನ್ನ ಮಗಳೂ ಬೆಂಗಳೂರಿನಲ್ಲಿದ್ದ ವಿಶಾಲವಾದ ಬಾಡಿಗೆಯ ಮನೆಯನ್ನು ಬಿಟ್ಟು ಎರಡು ಕೋಣೆಗಳ ಮನೆಗೆ ಹೋದರು. ಹದಿಮೂರು ವರ್ಷದ ಮೊಮ್ಮಗನು ತುಮಕೂರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುವುದೆಂದು ಗೊತ್ತಾಗಿ, ಜೂನ್ ತಿಂಗಳಿನಲ್ಲಿ ಬಂದು ಸೇರಿದನು. ಹುಡುಗನು ಒಳ್ಳೆಯವನು. ಬಡಿಸಿದುದನ್ನು ಉಣ್ಣುವನು, ಹೇಳಿದುದನ್ನು ಓದುವನು, ಆದರೆ ಮಾತಿಲ್ಲ. ಏನು ಕೇಳಿದರೂ ‘ಹೂಂ’, ‘ಉಹೂಂ’ ಎಂಬ ಎರಡು ಅವ್ಯಯಗಳಲ್ಲಿಯೇ ಅವನ ವ್ಯಾಕರಣವೆಲ್ಲ ಮುಗಿದುಹೋಗುತ್ತಿತ್ತು.

ಇದರ ಕಾರಣವನ್ನು ಪತ್ತೆಮಾಡಿದವಳು ನನ್ನ ಮನೆಯವಳು. ಬೆಂಗಳೂರಿನಲ್ಲಿ ಅವನಿಗೆ ಇಬ್ಬರು ಗೆಳೆಯರಿದ್ದರು. ಸಂಜೆ ಏಳು ಗಂಟೆಗೆ ಮೂವರೂ ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಅಂತರ್ಜಾಲದ ಮೂಲಕ ಒಂದೇ ಅಂಗಳದಲ್ಲಿ ಆಡುತ್ತಿದ್ದರು, ಆಡುತ್ತಾ ಮಾತನಾಡುತ್ತಿದ್ದರು. ಆಟದ ಹೆಸರು ರಾಕೆಟ್ ಲೀಗ್. 2015ರಲ್ಲಿ ಹೊರಬಂದು, 2020ರಿಂದ ಹಣ ಕೊಡದೆಯೇ ಆಡಲು ದೊರೆಯುತ್ತಿರುವ ಆಟ. ಮೋಟಾರು ಕಾರುಗಳು ಕಾಲ್ಚೆಂಡನ್ನಾಡುತ್ತವೆ, ಪಕ್ಷಕ್ಕೆ ಮೂವರು. ನಮ್ಮ ಮನೆಯ ಯಂತ್ರದಲ್ಲಿ ಕಾರು ಹೊರಡುವ ಹೊತ್ತಿಗೆ ಚೆಂಡು ಗೋಲನ್ನು ಸೇರಿರುತ್ತಿತ್ತು. ಗೆಳೆಯರು ಕೆಲವು ದಿನ ಕಾದು, ಅನಂತರ ಮೂರನೆಯ ಸ್ಥಾನಕ್ಕೆ ಬೇರೊಬ್ಬ ಹುಡುಗನನ್ನು ಸೇರಿಸಿಕೊಂಡರು. ಮನೆಯನ್ನೂ ಶಾಲೆಯನ್ನೂ ಬಿಟ್ಟುಬಂದ ಹುಡುಗನಿಗೆ ಉಳಿದಿದ್ದುದು ಆ ಒಂದು ಸ್ಥಾನ, ಅದೂ ಹೋಯಿತು.

ಸುದ್ದಿ ತಿಳಿದ ಅಳಿಯಂದಿರು ದೂರವಾಣಿಯಲ್ಲಿ, “ಮಾವ, ಅರುವತ್ತು ಸಾವಿರಕ್ಕೆ ಹೊಸದೇ ಬರುತ್ತದೆ. ಕಂತಿನಲ್ಲಿ ತೆಗೆದುಕೊಡುತ್ತೇನೆ” ಎಂದರು. ಇದ್ದ ಸಾಲವೇ ತೀರದಿದ್ದಾಗ ಇನ್ನೊಂದು ಸಾಲ! ಆದರೆ ಆ ಮಾತಿನ ಹಿಂದೆ ಇದ್ದುದು ದುಂದುಗಾರಿಕೆಯಲ್ಲ. ಮಗನ ಕಣ್ಣಿಗೆ ತಾನು ಸೋತವನಾಗಿ ಕಾಣಬಾರದೆಂಬ ತಂದೆಯ ಸಂಕಟ. “ಇನ್ನೊಂದು ತಿಂಗಳು ತಾಳಿ. ದಸರಾ ರಜದಲ್ಲಿ ನೀವೂ ಬನ್ನಿ, ಹಳೆಯದನ್ನೇ ನೋಡೋಣ. ಹನ್ನೆರಡು ಸಾವಿರ ರೂಪಾಯಿ ದಾಟುವುದು ಬೇಡ” ಎಂದೆನು. ಮನೆಯವಳಿಗೆ ಆ ಮೊತ್ತವೂ ಹೆಚ್ಚಾಗಿ ತೋರಿತು. “ಆಟಕ್ಕೆ ಹನ್ನೆರಡು ಸಾವಿರವೇ? ಒಂದು ಚೆಂಡು ಕೊಡಿಸಿದರೆ ಆಗದೇನೂಂದ್ರೆ?” ಎಂದು ಕೇಳಿದಳು. ಚೆಂಡನ್ನು ಕೊಡಿಸಬಹುದು, ಎಪ್ಪತ್ತು ಕಿಲೋಮೀಟರು ಆಚೆಗಿರುವ ಗೆಳೆಯನಿಗೆ ಅದನ್ನು ಒದೆಯುವುದು ಹೇಗೆ?

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗಿಂತ ಮೊದಲು ನಿದಾನ. ಜ್ವರವೆಂದೊಡನೆ ಕೈಗೆ ಸಿಕ್ಕಿದ ಕಷಾಯವನ್ನು ಕುಡಿಸುವವನು ವೈದ್ಯನಲ್ಲ. ಯಂತ್ರದ ನಿದಾನಕ್ಕೂ ಸಾಧನವುಂಟು. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ಎಂಬುದನ್ನು ತೆರೆದರೆ ಯಾವ ಅಂಗವು ಎಷ್ಟು ದುಡಿಯುತ್ತಿದೆಯೆಂಬುದು ನೂರಕ್ಕೆ ಇಷ್ಟೆಂದು ಕಾಣುತ್ತದೆ. ಹುಡುಗನು ಆಡಿದನು, ನಾನು ಕನ್ನಡಕ ಹಾಕಿಕೊಂಡು ಅಂಕಿಗಳನ್ನು ಬರೆದುಕೊಂಡೆನು.

ಅಂಗಗಳ ಕೆಲಸವನ್ನು ಗೃಹಸ್ಥರಿಗೆ ತಿಳಿಯುವಂತೆ ಹೇಳುವುದಾದರೆ ಹೀಗೆ: ಪ್ರೊಸೆಸರೆಂಬುದು ಅಡುಗೆಯವನು. ರ‍್ಯಾಮ್ ಎಂಬುದು ಅವನ ಮುಂದಿರುವ ಕಟ್ಟೆ. ಈಗ ಬೇಕಾದ ಸಾಮಾನುಗಳೆಲ್ಲ ಅಲ್ಲಿ ಹರಡಿರಬೇಕು. ಹಾರ್ಡ್ ಡಿಸ್ಕು ಉಗ್ರಾಣ. ಗ್ರಾಫಿಕ್ಸ್ ಕಾರ್ಡು ಎಲೆಗಳಿಗೆ ಬಡಿಸುವವನು. ತೆರೆಯ ಮೇಲಿನ ಚಿತ್ರವೆಲ್ಲ ಅವನ ಕೈಯಿಂದ ಬರತಕ್ಕದ್ದು. ನಮ್ಮ ಯಂತ್ರವು 2014ರಲ್ಲಿ ಕೊಂಡದ್ದು. ಅದರಲ್ಲಿದ್ದ ಅಡುಗೆಯವನು ಇಂಟೆಲ್ ಕಂಪನಿಯ ಐ5-4590. ನಾಲ್ಕು ಕೈಗಳುಳ್ಳವನು, ಮುದುಕನಾದರೂ ಗಟ್ಟಿಗ. ಕಟ್ಟೆ ಮಾತ್ರ 4 ಜಿ.ಬಿ.; ಅಲ್ಲಿ ಎರಡು ಪಾತ್ರೆಗಳನ್ನಿಟ್ಟರೆ ಮೂರನೆಯದಕ್ಕೆ ಸ್ಥಳವಿಲ್ಲ. ಆದಕಾರಣ ಅವನು ಪ್ರತಿಯೊಂದಕ್ಕೂ ಉಗ್ರಾಣಕ್ಕೆ ಓಡಬೇಕು. ಉಗ್ರಾಣವೋ ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ. ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಎಂಟು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಬೇಕಾದುದು ಮುಳ್ಳಿನ ಕೆಳಗೆ ಬರುವವರೆಗೆ ಕಾಯಬೇಕು. ಇನ್ನು ಬಡಿಸುವವನು ಬೇರೆ ಇರಲೇ ಇಲ್ಲ. ಅಡುಗೆಯವನ ದೇಹದಲ್ಲಿಯೇ ಅಡಗಿದ್ದ ಸಣ್ಣ ಚಿತ್ರಶಕ್ತಿಯೊಂದು ಆ ಕೆಲಸವನ್ನೂ ಮಾಡುತ್ತಿತ್ತು.

ಪರೀಕ್ಷೆಯ ಫಲವು ಸ್ಪಷ್ಟವಾಗಿತ್ತು. ಡಿಸ್ಕು ನೂರಕ್ಕೆ ನೂರು, ರ‍್ಯಾಮ್ ತೊಂಬತ್ತರ ಮೇಲೆ, ಚಿತ್ರಶಕ್ತಿ ನೂರು, ಪ್ರೊಸೆಸರು ಮಾತ್ರ ಐವತ್ತರ ಆಸುಪಾಸಿನಲ್ಲಿ ನಿರಾಳವಾಗಿತ್ತು. ತೆರೆಯ ಮೇಲೆ ಸೆಕೆಂಡಿಗೆ ಇಪ್ಪತ್ತು ಚಿತ್ರಗಳು ಕೂಡ ಮೂಡುತ್ತಿರಲಿಲ್ಲ. ಕಣ್ಣಿಗೆ ಹಿತವಾಗಿ ಆಟ ನಡೆಯಬೇಕಾದರೆ ಅರುವತ್ತು ಬೇಕು. ಕಂಬ ಗಟ್ಟಿ, ಛಾವಣಿ ಸೋರುತ್ತಿದೆ ಎಂದು ತೀರ್ಮಾನವಾಯಿತು.

ಮೊದಲನೆಯ ಚಿಕಿತ್ಸೆಗೆ ನೂರೈವತ್ತು ರೂಪಾಯಿ. ವಿದ್ಯುತ್ತಿನ ತಂತಿಯನ್ನು ಕಳಚಿ, ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ತೆರೆದೆವು. ಹತ್ತು ವರ್ಷದ ಧೂಳು ಹತ್ತಿಯಂತೆ ಕುಳಿತಿತ್ತು. ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯಲ್ಲಿರಬಹುದಾದ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದೆವು. ಪ್ರೊಸೆಸರಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಶಾಖವನ್ನು ಸಾಗಿಸುವ ಥರ್ಮಲ್ ಪೇಸ್ಟು ಒಣಗಿ ಸುಣ್ಣದಂತಾಗಿತ್ತು. ಅದನ್ನು ಒರೆಸಿ ಹೊಸದನ್ನು ಬಟಾಣಿಕಾಳಿನಷ್ಟು ಹಚ್ಚಿದೆವು. ಪ್ರೊಸೆಸರು ಅತಿಯಾಗಿ ಕಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆದುದರಿಂದ ಅಂಗಡಿಗೆ ಹೋಗುವ ಮೊದಲು ಪ್ರತಿಯೊಬ್ಬರೂ ಮಾಡತಕ್ಕ ಕೆಲಸವಿದು. ಹುಡುಗನು ಅಂದು ಮೊದಲ ಸಲ ಪೂರ್ಣ ವಾಕ್ಯವೊಂದನ್ನು ನುಡಿದನು: “ತಾತ, ಆ ಸ್ಕ್ರೂ ಎಡಕ್ಕೆ ತಿರುಗಿಸಬೇಕು.”

ಉಳಿದುದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆ. ಮೆಜೆಸ್ಟಿಕ್ಕಿನಲ್ಲಿ ರೈಲು ಇಳಿದು, ಮೆಟ್ರೋದಲ್ಲಿ ಒಂದೇ ನಿಲ್ದಾಣ ಮುಂದೆ ಹೋಗಿ ಚಿಕ್ಕಪೇಟೆಯಲ್ಲಿ ಹತ್ತಿ ಬಂದರೆ, ಅಲ್ಲಿಂದ ನಡೆದೇ ಹೋಗಬಹುದು. ಅಳಿಯಂದಿರು ನಿಲ್ದಾಣಕ್ಕೆ ಬಂದು ನಮ್ಮನ್ನು ಕೂಡಿಕೊಂಡರು. ಕಿರಿದಾದ ಬೀದಿ, ಇಕ್ಕೆಲಗಳಲ್ಲಿಯೂ ಬಿಲಗಳಂತಹ ಅಂಗಡಿಗಳು, ಒಂದೊಂದರಲ್ಲಿಯೂ ಕಂಪ್ಯೂಟರಿನ ಕರುಳು ಎಲುಬುಗಳು ತೂಗುತ್ತಿರುವುವು. ಅಲ್ಲಿ ತಿಳಿದುಕೊಂಡು ಹೋದವನಿಗೆ ಲಾಭ, ಕೇಳಿಕೊಂಡು ಹೋದವನಿಗೆ ನಷ್ಟ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿಯೇ ಎಚ್ಚರಿಕೆ ಹೆಚ್ಚಾಗಿ ಬೇಕು. ಹೆಚ್ಚು ಬೆಲೆಯ ಕಾರ್ಡನ್ನು ತಂದು ಹಾಕಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆ ಜನರಲ್ಲಿದೆ. ಸಾಂಖ್ಯಶಾಸ್ತ್ರದಲ್ಲಿ ಅಂಧಪಂಗುನ್ಯಾಯವೆಂಬುದೊಂದುಂಟು. ಕುಂಟನು ಕುರುಡನ ಹೆಗಲೇರುತ್ತಾನೆ. ಕುರುಡನು ನಡೆಯುತ್ತಾನೆ, ಕುಂಟನು ದಾರಿ ಹೇಳುತ್ತಾನೆ. ಪ್ರೊಸೆಸರು ದಾರಿ ಹೇಳುವವನು, ಗ್ರಾಫಿಕ್ಸ್ ಕಾರ್ಡು ಓಡುವವನು. ಚೆಂಡು ಎಲ್ಲಿದೆ, ಕಾರು ಎತ್ತ ತಿರುಗಿತು ಎಂಬುದನ್ನು ಪ್ರೊಸೆಸರು ಲೆಕ್ಕ ಹಾಕಿ ಹೇಳಿದ ಮೇಲೆಯೇ ಕಾರ್ಡು ಚಿತ್ರವನ್ನು ಬರೆಯಬೇಕು. ಹೇಳುವವನು ತಡಮಾಡಿದರೆ ಓಡುವವನು ಎಷ್ಟು ಬಲಶಾಲಿಯಾದರೂ ನಿಂತು ಕಾಯಲೇಬೇಕು. ಹತ್ತು ವರ್ಷದ ಪ್ರೊಸೆಸರಿಗೆ ಮೂವತ್ತು ಸಾವಿರದ ಕಾರ್ಡನ್ನು ಜೋಡಿಸುವುದು ಎತ್ತಿನ ಗಾಡಿಗೆ ಕುದುರೆಯನ್ನು ಜೊತೆಗೂಡಿಸಿದಂತೆ.

ನಾವು ಆರಿಸಿದುದು ಎನ್ವಿಡಿಯಾ ಕಂಪನಿಯ ಜಿ.ಟಿ.ಎಕ್ಸ್. 1650, 4 ಜಿ.ಬಿ. ನೆನಪಿನದು, ಒಬ್ಬರು ಬಳಸಿ ಬಿಟ್ಟುದು. ಇದು 2019ರಲ್ಲಿ ಬಂದ ಕಾರ್ಡು. ಇದರ ದೊಡ್ಡ ಗುಣವು ಮಿತಾಹಾರ. 75 ವಾಟ್ ವಿದ್ಯುತ್ತು ಸಾಕು. ಮದರ್‌ಬೋರ್ಡಿನಲ್ಲಿ ಕಾರ್ಡು ಕೂರುವ ಸೀಳು ಕೊಡಬಲ್ಲ ಮಿತಿಯೂ 75 ವಾಟ್‌ಗಳೇ. ಆದುದರಿಂದ ಪ್ರತ್ಯೇಕವಾದ ವಿದ್ಯುತ್ತಂತಿಯಾಗಲಿ, ಹೊಸ ಎಸ್.ಎಂ.ಪಿ.ಎಸ್. ಆಗಲಿ ಬೇಕಾಗಲಿಲ್ಲ, ನಮ್ಮ 300 ವಾಟ್‌ನ ಹಳೆಯದೇ ಸಾಕಾಯಿತು. ಆದರೆ ಇದೇ ಹೆಸರಿನ ಕೆಲವು ಕಾರ್ಡುಗಳಲ್ಲಿ ಆರು ಮೊಳೆಗಳ ಪ್ರತ್ಯೇಕ ತಂತಿಯ ಬಾಯಿ ಇರುತ್ತದೆ. ಆ ತಂತಿಯಿಲ್ಲದ ಮನೆಗೆ ಅಂತಹುದನ್ನು ತಂದರೆ ಪ್ರಯೋಜನವಿಲ್ಲ. ಕೊಳ್ಳುವ ಮೊದಲು ಕಾರ್ಡಿನ ಅಂಚನ್ನು ಕಣ್ಣಾರೆ ನೋಡತಕ್ಕದ್ದು.

ಒಂದು ಅಂಗಡಿಯಾತನು, “ಸಾರ್, ಇದೂ 4 ಜಿ.ಬಿ.ಯೇ, ಹೊಸದು, ಬೆಲೆ ಅರ್ಧ” ಎಂದು ಜಿ.ಟಿ. 730 ಎಂಬುದನ್ನು ಮುಂದಿಟ್ಟನು. ಅದು 2014ರ ಕಾರ್ಡು. ಪತ್ರ ಬರೆಯಲು, ಚಲಚ್ಚಿತ್ರ ನೋಡಲು ಯೋಗ್ಯವೇ ಹೊರತು ಇಂದಿನ ಆಟಕ್ಕಲ್ಲ. ಕಾರ್ಡಿನ ನೆನಪಿನ ಪ್ರಮಾಣವು ಅದರ ಬಲದ ಅಳತೆಯಲ್ಲ; ಹೊಟ್ಟೆ ದೊಡ್ಡದಾದ ಮಾತ್ರಕ್ಕೆ ತೋಳು ಬಲವಾಗುವುದೆ? ಇನ್ನೊಬ್ಬನು 2022ರ ಆರ್.ಎಕ್ಸ್. 6400 ಎಂಬುದನ್ನು ತೋರಿಸಿದನು. ಅದು ಒಳ್ಳೆಯ ಕಾರ್ಡೇ. ಆದರೆ ಹದಿನಾರು ಓಣಿಗಳ ದಾರಿಯಲ್ಲಿ ನಾಲ್ಕನ್ನು ಮಾತ್ರ ಅದು ಬಳಸುತ್ತದೆ. ಓಣಿಗಳು ವೇಗವಾಗಿರುವ ಹೊಸ ಬೋರ್ಡಿನಲ್ಲಿ ಅಷ್ಟೇನೂ ತೊಂದರೆಯಿಲ್ಲ. ನಮ್ಮಂತಹ ಹಳೆಯ ಬೋರ್ಡಿನಲ್ಲಿ ಅದರ ಶಕ್ತಿ ಕುಂದುತ್ತದೆ. ವಸ್ತು ಒಳ್ಳೆಯದೆ ಎಂಬುದೊಂದೇ ಪ್ರಶ್ನೆಯಲ್ಲ, ನಮ್ಮ ಮನೆಗೆ ಹೊಂದುವುದೆ ಎಂಬುದು ಎರಡನೆಯದು. ವರಾನ್ವೇಷಣೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಳಸಿದ ಕಾರ್ಡನ್ನು ಪರೀಕ್ಷೆಯಿಲ್ಲದೆ ಕೊಳ್ಳಬಾರದು. ಹಳೆಯ ಕಾರ್ಡೊಂದರ ಒಳಗಿನ ಬರಹವನ್ನು ತಿದ್ದಿ, ಹೊಸದರ ಹೆಸರನ್ನಿಟ್ಟು ಮಾರುವ ಮೋಸವುಂಟು. ಜಿ.ಪಿ.ಯು.-ಝಡ್ ಎಂಬ ಉಚಿತ ತಂತ್ರಾಂಶವು 2018ರಿಂದ ಇಂತಹ ನಕಲಿಗಳನ್ನು ಗುರುತಿಸಿ ಹೇಳುತ್ತದೆ. ಅಳಿಯಂದಿರು ಅದನ್ನು ಅಂಗಡಿಯ ಯಂತ್ರದಲ್ಲಿಯೇ ನಡೆಸಿ ನೋಡಿದರು; ಅರ್ಧ ಗಂಟೆ ಕಾರ್ಡನ್ನು ದುಡಿಸಿ, ಫ್ಯಾನಿನ ಸದ್ದನ್ನೂ ಶಾಖವನ್ನೂ ಗಮನಿಸಿದರು; ಚೌಕಾಸಿ ಮಾಡಿ ಏಳೂವರೆ ಸಾವಿರವನ್ನು ಆರು ಸಾವಿರದ ಎಂಟುನೂರಕ್ಕೆ ಇಳಿಸಿದರು. ವ್ಯಾಪಾರ ನಿಂತಿತ್ತೇ ಹೊರತು ವ್ಯಾಪಾರಿಯ ಜಾಣ್ಮೆ ನಿಂತಿರಲಿಲ್ಲ. ಹುಡುಗನು ತಂದೆಯ ಮುಖವನ್ನೇ ನೋಡುತ್ತಿದ್ದನು. ಅರುವತ್ತು ಸಾವಿರದ ಕಂತು ಆ ನೋಟವನ್ನು ಕೊಂಡುಕೊಡಲಾರದಾಗಿತ್ತೆಂದು ನನಗೆ ಅನ್ನಿಸಿತು.

ಉಗ್ರಾಣಕ್ಕೆ ಬದಲಾಗಿ 480 ಜಿ.ಬಿ.ಯ ಎಸ್.ಎಸ್.ಡಿ.; ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳಲ್ಲಿಯೇ ಎಲ್ಲವನ್ನೂ ಬರೆದಿಡುವ ವಸ್ತು. ಇದನ್ನು ಹೊಸದಾಗಿಯೇ ಕೊಂಡೆವು, ಏಕೆಂದರೆ ಇದು ಬರೆದಷ್ಟೂ ಸವೆಯತಕ್ಕದ್ದು. 2,600 ರೂಪಾಯಿ. ಈ ಹಣವನ್ನು ಅಳಿಯಂದಿರು ತಾವು ಕೊಡುವುದಾಗಿ ಹೇಳಿದರು; ನಾನು ಬೇಡವೆನ್ನಲಿಲ್ಲ. ರ‍್ಯಾಮ್ ವಿಷಯದಲ್ಲಿ ನಮ್ಮ ಬೋರ್ಡು ಹೊರುವುದು 16 ಜಿ.ಬಿ. ಮಾತ್ರ, ಅದೂ ಡಿ.ಡಿ.ಆರ್.3 ಎಂಬ ಹಳೆಯ ಜಾತಿಯದು. ಎಂಟೆಂಟು ಜಿ.ಬಿ.ಯ ಎರಡು ಪಟ್ಟಿಗಳನ್ನು ಹಾಕಿದೆವು. ಎರಡು ಪಟ್ಟಿಗಳಿದ್ದರೆ ಪ್ರೊಸೆಸರಿಗೆ ಎರಡು ದಾರಿಗಳಿಂದ ಒಮ್ಮೆಗೇ ಸಾಮಾನು ಬರುತ್ತದೆ. ಒಂದರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿ.ಬಿ., ಎರಡರಲ್ಲಿ 25.6. ಬಳಸಿದವುಗಳಾದುದರಿಂದ ಎರಡಕ್ಕೂ ಸೇರಿ 1,800 ರೂಪಾಯಿ. ಪೇಸ್ಟು 150, ರ‍್ಯಾಮ್ 1,800, ಎಸ್.ಎಸ್.ಡಿ. 2,600, ಕಾರ್ಡು 6,800, ಒಟ್ಟು 11,350. ಉಳಿದ ಆರುನೂರೈವತ್ತರಲ್ಲಿ ರೈಲಿನ ಖರ್ಚೂ ಮೂವರ ಊಟವೂ ಮುಗಿದುವು. ಇವು 2024ರ ಬೆಲೆಗಳು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಯಂತ್ರಾಗಾರಗಳು ನೆನಪಿನ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಂಡುದರಿಂದ ರ‍್ಯಾಮ್, ಎಸ್.ಎಸ್.ಡಿ.ಗಳ ಬೆಲೆ ಏರಿತು. ವಾಚಕರು ವಿಚಾರಿಸಿಕೊಂಡು ಹೊರಡುವುದು ಲೇಸು.

ಹಣವಿಲ್ಲದೆ ಮಾಡಬಹುದಾದ ಉಪಾಯವೊಂದು ಉಳಿದಿದೆ. ನಮ್ಮ ಹಳೆಯ ತೆರೆಯಲ್ಲಿ ಅಡ್ಡಕ್ಕೆ 1,366, ಉದ್ದಕ್ಕೆ 768 ಚುಕ್ಕೆಗಳು. ಗುಣಿಸಿದರೆ ಸುಮಾರು ಹತ್ತೂವರೆ ಲಕ್ಷ. ಹೊಸ ತೆರೆಗಳಲ್ಲಿ ಸಾಮಾನ್ಯವಾದ 1,920 ಮತ್ತು 1,080ಕ್ಕೆ ಇಪ್ಪತ್ತು ಲಕ್ಷದ ಎಪ್ಪತ್ತಮೂರು ಸಾವಿರ. ಎಂದರೆ ಹಳೆಯ ತೆರೆಯಲ್ಲಿ ಕಾರ್ಡು ಬರೆಯಬೇಕಾದ ಚುಕ್ಕೆಗಳು ಅರ್ಧದಷ್ಟು ಮಾತ್ರ. ತೆರೆಯನ್ನು ಬದಲಾಯಿಸದಿದ್ದುದೇ ಒಂದು ಲಾಭವಾಯಿತು. ಆಟದ ಒಳಗೆ ನೆರಳು, ಹುಲ್ಲು, ನೀರಿನ ಹೊಳಪು ಮೊದಲಾದ ಅಲಂಕಾರಗಳನ್ನು ತಗ್ಗಿಸುವ ಏರ್ಪಾಡೂ ಉಂಟು. ಕಾವ್ಯಕ್ಕೆ ಅಲಂಕಾರ ಬೇಕು; ಕಾಲ್ಚೆಂಡಿಗೆ ಓಟ ಸಾಕು.

ಇಷ್ಟರಿಂದ ಆಟವು ಸೆಕೆಂಡಿಗೆ ಅರುವತ್ತು ಚಿತ್ರಗಳನ್ನು ಬಿಡದೆ ಕೊಡತೊಡಗಿತು. ಮೊದಲು ನಾಲ್ಕು ನಿಮಿಷ ಹಿಡಿಯುತ್ತಿದ್ದ ಯಂತ್ರವು ಅರ್ಧ ನಿಮಿಷದಲ್ಲಿ ಎದ್ದು ಕುಳಿತಿತು. ಆದರೆ ನಾನು ಹೆದರಿದ್ದುದು ಬೇರೆ ವಿಷಯಕ್ಕೆ. ಯಂತ್ರವನ್ನು ಸರಿಮಾಡಬಹುದು, ತುಂಬಿಹೋದ ಮೂರನೆಯ ಸ್ಥಾನವನ್ನು ಯಾವ ಅಂಗಡಿಯಲ್ಲಿ ತರುವುದು? ಎರಡು ಸಂಜೆ ಹುಡುಗನು ಅಪರಿಚಿತರೊಡನೆ ಆಡಿದನು. ಮೂರನೆಯ ಸಂಜೆ ಒಳಗಿನಿಂದ ಗಟ್ಟಿಯಾದ ನಗು ಕೇಳಿಬಂದಿತು. ಗೆಳೆಯರು ಅವನನ್ನು ಕರೆದಿದ್ದರು. ಮೂವರ ಪಕ್ಷಕ್ಕೆ ನಾಲ್ವರಾದುದರಿಂದ ಸರದಿಯ ಮೇಲೆ ಆಡುವುದೆಂದು ತಾವೇ ನಿಯಮ ಮಾಡಿಕೊಂಡರು. ಮನೆಯವಳು ಒಗ್ಗರಣೆಯ ಸೌಟನ್ನು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳಿದಳು. “ಚಿಕ್ಕಂದಿನಲ್ಲಿ ನಾವು ಚೌಕಾಬಾರದಲ್ಲಿ ಹೀಗೆಯೇ ಕೂಗಾಡುತ್ತಿದ್ದೆವು” ಎಂದಳು. ಹನ್ನೆರಡು ಸಾವಿರದ ಮಾತು ಅನಂತರ ಬರಲಿಲ್ಲ. ಎಂಟು ಗಂಟೆಗೆ ಯಂತ್ರವನ್ನು ನಿಲ್ಲಿಸತಕ್ಕದ್ದೆಂಬ ಕಟ್ಟಳೆಯನ್ನು ಮಾತ್ರ ಅವಳೇ ಹಾಕಿದಳು.

ಯಂತ್ರಕ್ಕೆ ಮಿತಿಯಿಲ್ಲವೆಂದಲ್ಲ. ಏಜ್ ಆಫ್ ಎಂಪೈರ್ಸ್ ಎಂಬ ಇನ್ನೊಂದು ಆಟದ ಎರಡನೆಯ ಭಾಗಕ್ಕೆ 2022ರಲ್ಲಿ ಭಾರತದ ರಾಜವಂಶಗಳನ್ನು ಸೇರಿಸಿದ್ದಾರೆ; ಅದರಲ್ಲಿ ರಾಜೇಂದ್ರ ಚೋಳನ ದಂಡಯಾತ್ರೆಯೂ ಉಂಟು. ನೂರಾರು ಕಾಲಾಳುಗಳೂ ಆನೆಗಳೂ ಒಮ್ಮೆಗೇ ನಡೆಯುವಾಗ ಪ್ರತಿಯೊಬ್ಬನ ದಾರಿಯನ್ನೂ ಲೆಕ್ಕ ಹಾಕಬೇಕಾದವನು ಪ್ರೊಸೆಸರು; ಅಲ್ಲಿ ನಮ್ಮ ಮುದುಕನು ಏದುತ್ತಾನೆ. ಅದೇ ಬೋರ್ಡಿನಲ್ಲಿ ಕೂರುವ ಐ7-4770 ಎಂಬ, ಎಂಟು ಕೆಲಸಗಳನ್ನು ಒಟ್ಟಿಗೆ ಹಿಡಿಯುವ ಪ್ರೊಸೆಸರನ್ನು ಹಾಕೋಣವೇ ಎಂದು ಹುಡುಗನು ಕೇಳಿದನು. ಸದ್ಯಕ್ಕೆ ಬೇಡವೆಂದು ತಾನೇ ಉತ್ತರವನ್ನೂ ಹೇಳಿಕೊಂಡನು. ಸೇನೆಗಳು ನಿಧಾನವಾಗಿ ನಡೆಯುತ್ತಿರುವಾಗ, ಈ ರಾಜೇಂದ್ರನೊಡನೆ ಕಾದಾಡಿದ ಕಲ್ಯಾಣದ ಚಾಲುಕ್ಯರು ಯಾರೆಂಬುದನ್ನು ನಾನು ಹೇಳುತ್ತೇನೆ. ಪ್ರೊಸೆಸರಿನ ಆಲಸ್ಯದಿಂದ ಚರಿತ್ರೆಯ ಪಾಠಕ್ಕೆ ಸಮಯ ದೊರೆತಿದೆ.

ಹಳೆಯ ಯಂತ್ರವುಳ್ಳ ಗೃಹಸ್ಥರು ನೆನಪಿಡಬೇಕಾದ ದಿನವೊಂದುಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ರಕ್ಷಣೆ ಮುಗಿಯಿತು. ವಿಂಡೋಸ್ 11 ಇಂಟೆಲಿನ ಎಂಟನೆಯ ತಲೆಮಾರಿನಿಂದೀಚಿನ ಪ್ರೊಸೆಸರುಗಳನ್ನು ಮಾತ್ರ ಅಂಗೀಕರಿಸುತ್ತದೆ, ನಮ್ಮದು ನಾಲ್ಕನೆಯದು. ಆದಕಾರಣ ಬ್ಯಾಂಕಿನ ವ್ಯವಹಾರವನ್ನೂ ಮುಖ್ಯವಾದ ಕಾಗದಪತ್ರಗಳನ್ನೂ ಆ ಯಂತ್ರದಿಂದ ತೆಗೆದುಬಿಟ್ಟೆವು. ಉಚಿತವಾದ ಲಿನಕ್ಸಿಗೆ ಹೋಗುವ ದಾರಿಯೂ ಇದೆ. ವಾಲ್ವ್ ಕಂಪನಿಯು 2018ರಲ್ಲಿ ಹೊರತಂದ ಪ್ರೋಟಾನ್ ಎಂಬ ಸಾಧನದಿಂದ ವಿಂಡೋಸಿನ ಅನೇಕ ಆಟಗಳು ಅಲ್ಲಿಯೂ ನಡೆಯುತ್ತವೆ. ಮೋಸಗಾರರನ್ನು ತಡೆಯುವ ಕಾವಲು ತಂತ್ರಾಂಶವುಳ್ಳ ಕೆಲವು ಆಟಗಳು ಮಾತ್ರ ಅಲ್ಲಿ ನಡೆಯವು. ತಮ್ಮ ಮಕ್ಕಳ ಆಟ ಯಾವುದೆಂದು ನೋಡಿಕೊಂಡು ಮುಂದುವರಿಯಬೇಕು.

ಇನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ. ಬೋರ್ಡೇ ಕೆಟ್ಟಿದ್ದರೆ, ಪ್ರೊಸೆಸರು ಎರಡೇ ಕೈಗಳ ದುರ್ಬಲನಾಗಿದ್ದರೆ, ದುರಸ್ತಿಯ ವೆಚ್ಚವು ಇನ್ನೂ ಒಳ್ಳೆಯ ಯಂತ್ರವೊಂದರ ಬೆಲೆಯನ್ನು ಸಮೀಪಿಸಿದರೆ, ಜೀರ್ಣೋದ್ಧಾರಕ್ಕೆ ಕೈಯಿಕ್ಕಬಾರದು. ತಳಪಾಯ ಕುಸಿದ ಗುಡಿಗೆ ಕಳಸವಿಟ್ಟು ಫಲವಿಲ್ಲ. ಅಡಿಪಾಯ ಗಟ್ಟಿಯಾಗಿದ್ದರೆ ಮಾತ್ರ ಕುಂಟುವ ಅಂಗ ಯಾವುದೆಂದು ಅಳೆದು ನೋಡಿ, ಅದಕ್ಕಷ್ಟೇ ಹಣವನ್ನು ಕೊಟ್ಟು, ಅಲ್ಲಿಗೆ ‘ಸಾಕು’ ಎನ್ನತಕ್ಕದ್ದು. ಬಡತನದಿಂದ ಹೇಳುವ ‘ಸಾಕು’ ಬೇರೆ, ಅಳತೆಯಿಂದ ಹೇಳುವ ‘ಸಾಕು’ ಬೇರೆ. ಮೊದಲನೆಯದರಲ್ಲಿ ನಿಟ್ಟುಸಿರಿದೆ, ಎರಡನೆಯದರಲ್ಲಿ ಇಲ್ಲ. ಮಕ್ಕಳಿಗೆ ನಾವು ಕೊಡಿಸುವ ವಸ್ತುಗಳು ಕೆಲವು ವರ್ಷಗಳಲ್ಲಿ ಹೇಗೂ ಹಳೆಯವಾಗುತ್ತವೆ. ಅವನ್ನು ತೆರೆದು ನೋಡುವ ಧೈರ್ಯವನ್ನೂ ಈ ಎರಡನೆಯ ‘ಸಾಕ’ನ್ನೂ ಕಲಿಸಿದರೆ, ಅವು ಹಳೆಯವಾಗುವುದಿಲ್ಲ.